ಒಂದೂವರೆ ಸೆಂಟಿಮೀಟರು

ಆ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ದೊಡ್ಡವಳು ಪೊಲೀಸಾಗಬೇಕಿತ್ತು, ಒಂದೂವರೆ ಸೆಂಟಿಮೀಟರಿಗೆ ತಪ್ಪಿಹೋಯಿತು. ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲೇ ಅಜ್ಜಿ ಈ ಸುದ್ದಿ ಕೊಟ್ಟುಬಿಡುತ್ತಿದ್ದಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ಹುಡುಗಿಗೆ ಹಾಸಿಗೆ ಸಾಕಾಗಿತ್ತು, ಕಾಲೇ ಸಾಲಲಿಲ್ಲ" ಎಂದು ನಗಿಸುತ್ತಿದ್ದಳು. ದೊಡ್ಡವಳೂ ನಗುತ್ತಿದ್ದಳು. ಆರು ವರ್ಷದಿಂದ ಅದೇ ಜೋಕಿಗೆ ನಕ್ಕು ಅವಳಿಗೆ ಅಭ್ಯಾಸವಾಗಿತ್ತು.

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೆ ಒಂದು ನಿಲುವುಗನ್ನಡಿ. ಅದರ ಹಿಂದೆ ಅಡುಗೆಮನೆ, ಅದರಾಚೆ ಮಲಗುವ ಕೋಣೆ. ಅಪ್ಪ ಕತ್ತರಿಸಿ ಹೊಲಿದರೆ, ಅಮ್ಮ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಅಂಗಡಿಗೂ ಅಡುಗೆಮನೆಗೂ ನಡುವಿನ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಇಪ್ಪತ್ತನೆಯ ವಯಸ್ಸಿನಲ್ಲಿ ದೊಡ್ಡವಳು ಅಲ್ಲಿಯೇ ಬರಿಗಾಲಲ್ಲಿ ನಿಂತಿದ್ದು, ಅಪ್ಪ ಅವಳ ತಲೆಯ ಮೇಲೆ ಗಿರಾಕಿಗಳ ಅಳತೆ ಪುಸ್ತಕ ಇಟ್ಟು ಗೆರೆ ಎಳೆದಿದ್ದು. ದರ್ಜಿಯ ಟೇಪು ನೂರೈವತ್ತು ಸೆಂಟಿಮೀಟರಿಗೆ ಮುಗಿದುಹೋಗುತ್ತದೆ. ಹಾಗಾಗಿ ನೂರೈವತ್ತಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಮೇಲೆ ಮತ್ತೆ ಅಳೆದಿದ್ದ.

"ನೂರ ಐವತ್ತಾರೂವರೆ."

"ಇನ್ನೊಂದು ಸಲ ನೋಡಪ್ಪ."

ಮೂರು ಸಲ ನೋಡಿದ. ಮೂರು ಸಲವೂ ಅಷ್ಟೇ. ಅರ್ಜಿಯಲ್ಲಿ ಹೆಣ್ಣುಮಕ್ಕಳಿಗೆ ಕೇಳಿದ್ದು ನೂರ ಐವತ್ತೆಂಟು.

ಜೋತಾಡಿದರೆ ಎತ್ತರ ಆಗುತ್ತಾರೆ ಎಂದು ಯಾರೋ ಹೇಳಿದರೆಂದು ಅವಳು ಆರು ತಿಂಗಳು ಬೆಳಗ್ಗೆ ಎದ್ದು ಶಾಲೆಯ ಮೈದಾನದ ಕಬ್ಬಿಣದ ಸರಳಿಗೆ ಜೋತುಬಿದ್ದಳು. ಅಂಗೈ ತುಂಬ ಬೊಬ್ಬೆ ಎದ್ದಿತು. ಅಜ್ಜಿ ಮಂಡಿಗೆ ಎಣ್ಣೆ ಹಚ್ಚಿ ಪಾದ ಹಿಡಿದು ಎಳೆದಳು. ಆರು ತಿಂಗಳ ಮೇಲೆ ಮತ್ತೆ ಚೌಕಟ್ಟಿಗೆ ನಿಂತರೆ ಗೆರೆಯ ಮೇಲೆಯೇ ಗೆರೆ ಬಿತ್ತು. ಅಮ್ಮ ಅಂದಳು, "ಬಿಡು, ಮೂಳೆಗೆ ಗೊಬ್ಬರ ಹಾಕಿದ್ರೆ ಬೆಳೆಯುತ್ತಾ." ದೊಡ್ಡವಳು ಅರ್ಜಿ ಹಾಕಲಿಲ್ಲ.

ಅದರ ಬದಲಿಗೆ ಊರಿನ ದೊಡ್ಡ ದಿನಸಿ ಮಳಿಗೆಯ ಬಾಗಿಲಲ್ಲಿ ಕಾವಲಿಗೆ ಸೇರಿದಳು. ಅಲ್ಲಿ ಯಾರೂ ಎತ್ತರ ಕೇಳಲಿಲ್ಲ. ಏಜೆನ್ಸಿಯವರು ಕೊಟ್ಟ ಸಮವಸ್ತ್ರ ಎರಡು ಅಳತೆ ದೊಡ್ಡದು, ಬೆನ್ನ ಮೇಲೆ ಏಜೆನ್ಸಿಯ ಹೆಸರು. ಒಳಗೆ ಹೋಗುವ ಹೆಂಗಸರ ಚೀಲ ನೋಡುವುದು, ಹೊರಗೆ ಬರುವವರ ಬಿಲ್ಲು ನೋಡುವುದು, ಹತ್ತು ಗಂಟೆ ನಿಂತಿರುವುದು. ಬೀದಿಯ ಮಕ್ಕಳು ಅವಳಿಗೆ ಬ್ಯಾಗಕ್ಕ ಎಂದು ಹೆಸರಿಟ್ಟಿದ್ದರು. ಮಳಿಗೆಯ ಎದುರಿನ ವೃತ್ತದಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಕೈಯೆತ್ತಿ ವಾಹನ ನಿಲ್ಲಿಸುತ್ತಿದ್ದಳು. ಅವಳು ಅಂಗಿಯ ತೋಳನ್ನು ಮೊಣಕೈಗಿಂತ ಎಷ್ಟು ಮೇಲೆ ಮಡಚುತ್ತಾಳೆ, ಟೋಪಿಯನ್ನು ತೆಗೆದಾಗ ಯಾವ ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ ಎಂಬುದೆಲ್ಲ ದೊಡ್ಡವಳಿಗೆ ಬಾಯಿಪಾಠ. ಇಪ್ಪತ್ತೈದು ವರ್ಷ ತುಂಬಿದವರು ಅರ್ಜಿ ಹಾಕುವಂತಿಲ್ಲ. ತನಗೆ ಇಪ್ಪತ್ತೈದು ತುಂಬಿದ ದಿನ ಅವಳು ಸುಮ್ಮನೆ ಆ ವೃತ್ತವನ್ನು ಎರಡು ಸಲ ಸುತ್ತಿ ಮನೆಗೆ ಬಂದಳು. ಅದಾಗಿ ಈಗ ಒಂದು ವರ್ಷ.

ಹೀಗಿರುವಾಗ ಪತ್ರಿಕೆಯಲ್ಲಿ ಮತ್ತೆ ಅರ್ಜಿ ಕರೆದರು. ಸಂಜೆ ಊಟಕ್ಕೆ ಕೂತಾಗ ಚಿಕ್ಕವಳು ತಟ್ಟೆಯ ಪಕ್ಕದಲ್ಲೇ ಪತ್ರಿಕೆ ಹಾಸಿಕೊಂಡಳು. ಅವಳಿಗೆ ಇಪ್ಪತ್ತೊಂದು, ಡಿಗ್ರಿ ಮುಗಿಸಿ ಮೂರು ತಿಂಗಳಾಗಿತ್ತು.

"ನಾನು ಹಾಕ್ತೀನಿ" ಅಂದಳು.

"ಏನು ಹಾಕ್ತೀಯ? ಮೊದಲು ಉಪ್ಪು ಹಾಕು ಇತ್ತ" ಎಂದಳು ಅಜ್ಜಿ.

"ಅಜ್ಜಿ, ಪೊಲೀಸ್ ಕೆಲಸಕ್ಕೆ. ಅರ್ಜಿ."

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. "ಅಕ್ಕ ತಂಗಿ ಇಬ್ಬರದ್ದೂ ಒಂದೇ ಅಳತೆ. ಪುಸ್ತಕದಲ್ಲಿ ಇಬ್ಬರಿಗೂ ಸೇರಿ ನಿಮ್ಮಪ್ಪ ಒಂದೇ ಪುಟ ಇಟ್ಟಿದಾರೆ. ಅವಳಿಗೆ ಸಾಲದ್ದು ನಿನಗೆ ಎಲ್ಲಿಂದ ಸಾಲುತ್ತೆ?"

"ಅಳೆದು ನೋಡೋಣ."

ಊಟ ಮುಗಿಸಿ ಚೌಕಟ್ಟಿಗೆ ನಿಂತಳು. ಅಪ್ಪ ಕೊರಳಲ್ಲಿದ್ದ ಟೇಪು ತೆಗೆದ. ಅದು ಅವನಿಗೆ ಕೆಲಸ ಕಲಿಸಿದ ಗುರುಗಳು ಬೀಳ್ಕೊಡುವಾಗ ಕೊಟ್ಟ ಟೇಪು. ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರು. ಹಳದಿ ಬಣ್ಣವೆಲ್ಲ ಹೋಗಿ ಬಟ್ಟೆಯೇ ಕಾಣುತ್ತಿತ್ತು. ಗಿರಾಕಿ ಮೂಲಂಗಿಯಂತಿರಲಿ ಕುಂಬಳಕಾಯಿಯಂತಿರಲಿ, ಆ ಟೇಪು ಹಿಡಿದು ಹೊಲಿದದ್ದು ಇದುವರೆಗೆ ಒಂದೂ ವಾಪಸು ಬಂದಿಲ್ಲ ಎಂಬುದು ಅಪ್ಪನ ಹೆಮ್ಮೆ.

"ನೂರ ಐವತ್ತಾರೂವರೆ" ಎಂದ, ಮೆಲ್ಲಗೆ.

"ನಾನು ಹೇಳಲಿಲ್ವಾ" ಎಂದಳು ಅಮ್ಮ.

"ಆದ್ರೂ ಹಾಕ್ತೀನಿ" ಎಂದಳು ಚಿಕ್ಕವಳು. "ಹೊರಗೆ ಹಾಕೋದಾದ್ರೆ ಅವರು ಹಾಕ್ಲಿ. ನಮ್ಮನೆಯವರೇ ಯಾಕೆ ಹಾಕ್ಬೇಕು?"

ದೊಡ್ಡವಳು ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಇಂಥ ಸಾದಾ ಮಾತು ಆರು ವರ್ಷದ ಹಿಂದೆ ತನಗೇಕೆ ಹೊಳೆಯಲಿಲ್ಲ ಎಂದುಕೊಂಡಳು. ಮತ್ತೆ ನಲ್ಲಿ ತಿರುಗಿಸಿದಳು.

ಅಪ್ಪ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. "ಹಾಕು, ಹಾಕು" ಎಂದ. "ಮೈದಾನದಲ್ಲಿ ತರಬೇತಿ ಕೊಡೋ ಮೇಷ್ಟ್ರಿದಾರಲ್ಲ, ಅವರ ಹತ್ರ ಉಕ್ಕಿನ ಅಳತೆಗೋಲು ಇದೆಯಂತೆ. ಅಲ್ಲೂ ಒಂದ್ಸಲ ನಿಂತು ನೋಡು."

ಮರುದಿನದಿಂದ ಮನೆಯ ಗಡಿಯಾರವೇ ಬದಲಾಯಿತು. ಚಿಕ್ಕವಳು ಬೆಳಗ್ಗೆ ಓಡಲು ಹೋಗುತ್ತಾಳೆಂದು ಅಮ್ಮ ಮೊಟ್ಟೆ ಬೇಯಿಸತೊಡಗಿದಳು. ದಿನಕ್ಕೆ ಎರಡು. ಅಜ್ಜಿ ಮೊದಲ ದಿನವೇ ತಕರಾರು ತೆಗೆದಳು.

"ಓಡೋಳಿಗೆ ಎರಡು ಮೊಟ್ಟೆ. ಹತ್ತು ಗಂಟೆ ನಿಲ್ಲೋಳಿಗೆ ಬರೀ ಚಹಾನಾ?"

"ನನಗೆ ಬೇಡಜ್ಜಿ" ಎಂದಳು ದೊಡ್ಡವಳು.

"ನಿನ್ನನ್ನ ಯಾರು ಕೇಳಿದ್ರು? ನಾನು ನ್ಯಾಯ ಮಾತಾಡ್ತಿದೀನಿ."

"ನ್ಯಾಯ ಮಾತಾಡೋರು ಒಂದು ಕೋಳಿ ಸಾಕಬಹುದಿತ್ತು" ಎಂದಳು ಅಮ್ಮ, ಮತ್ತು ಮೂರನೆಯ ಮೊಟ್ಟೆಯನ್ನು ನೀರಿಗೆ ಬಿಟ್ಟಳು.

ಓದಿಸುವ ಕೆಲಸ ದೊಡ್ಡವಳೇ ಹೊತ್ತಳು. ಹೊರಲು ಯಾರೂ ಹೇಳಿರಲಿಲ್ಲ. ಬಟ್ಟೆಯ ಪೆಟ್ಟಿಗೆಯ ತಳದಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ತೆಗೆದಳು. ಅಂಚಿನಲ್ಲೆಲ್ಲ ಅವಳದೇ ಅಕ್ಷರ. ಚಿಕ್ಕವಳು ಈರುಳ್ಳಿ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಅಜ್ಜಿಯ ತಲೆ ಬಾಚುವಾಗ ಅಕ್ಕನ ಪ್ರಶ್ನೆ ತಪ್ಪುತ್ತಿರಲಿಲ್ಲ.

"ಕಳವಿಗೂ ಸುಲಿಗೆಗೂ ಏನು ವ್ಯತ್ಯಾಸ?"

"ಕಳವು ಅಂದ್ರೆ ಗೊತ್ತಿಲ್ಲದ ಹಾಗೆ ತಗೊಳ್ಳೋದು. ಸುಲಿಗೆ ಅಂದ್ರೆ ಹೆದರಿಸಿ."

"ಈ ಮನೇಲಿ ನನ್ನ ಸಕ್ಕರೆ ಮಾಯ ಆಗುತ್ತಲ್ಲ, ಅದು ಯಾವುದು?" ಎಂದು ಅಜ್ಜಿ ನಡುವೆ ಬಾಯಿ ಹಾಕುತ್ತಿದ್ದಳು.

"ಅದು ವೈದ್ಯರ ಸಲಹೆ" ಎನ್ನುತ್ತಿದ್ದಳು ಅಮ್ಮ.

ಚಿಕ್ಕವಳಿಗೆ ಉತ್ತರ ಗೊತ್ತಿಲ್ಲದಿದ್ದಾಗ ದೊಡ್ಡವಳು ಪುಸ್ತಕ ನೋಡದೆ ಹೇಳುತ್ತಿದ್ದಳು. ಒಮ್ಮೆ ಚಿಕ್ಕವಳು ಕೇಳಿದಳು, "ಅಕ್ಕ, ಇದನ್ನೆಲ್ಲ ಇನ್ನೂ ಯಾಕೆ ನೆನಪಿಟ್ಕೊಂಡಿದೀಯ?" "ಮರೆಯೋಕೆ ಪುರುಸೊತ್ತಾಗಲಿಲ್ಲ" ಎಂದಳು ದೊಡ್ಡವಳು. ಹೇಳುವಾಗ ಮುಖ ಆಚೆ ತಿರುಗಿಸಿದ್ದಳು.

ಎರಡನೆಯ ವಾರ ಚಿಕ್ಕವಳು ಮೈದಾನದಿಂದ ಬೆವರು ಒರೆಸಿಕೊಳ್ಳುತ್ತ ಬಂದು, ಅಂಗಡಿಯಲ್ಲಿ ಗಿರಾಕಿ ಇರುವುದನ್ನೂ ನೋಡದೆ ಹೇಳಿದಳು: "ನೂರ ಐವತ್ತೆಂಟು ಪಾಯಿಂಟ್ ನಾಲ್ಕು."

"ಏನದು?" ಎಂದಳು ಅಮ್ಮ.

"ನಾನು. ಮೇಷ್ಟ್ರ ಅಳತೆಗೋಲಲ್ಲಿ."

"ಶೂ ಹಾಕ್ಕೊಂಡಿದ್ಯಾ?"

"ಬರಿಗಾಲು. ಎರಡು ಸಲ ನೋಡಿದ್ರು."

ಅಪ್ಪ ಗಿರಾಕಿಯ ಭುಜ ಅಳೆಯುತ್ತಿದ್ದವನು ತಲೆ ಎತ್ತಲಿಲ್ಲ. "ಒಳ್ಳೇದಾಯ್ತು" ಎಂದ. ಅಮ್ಮ ಮಾತ್ರ ನಂಬಲಿಲ್ಲ. "ಓಡಿ ಓಡಿ ಕಾಲು ಉದ್ದ ಆಯ್ತಾ? ಅವರ ಕೋಲು ಸರಿ ಇಲ್ಲದೆ ಇರಬಹುದು. ನಮ್ಮ ಟೇಪಲ್ಲಿ ಎಷ್ಟು ಜನರ ಬಟ್ಟೆ ಹೊಲಿದಿಲ್ಲ, ಒಂದಾದ್ರೂ ತಪ್ಪಿದೆಯಾ?"

ಸಂಜೆ ಕೆಲಸದಿಂದ ಬಂದ ದೊಡ್ಡವಳಿಗೆ ಈ ಸುದ್ದಿ ಗೊತ್ತಾಯಿತು. ಚೌಕಟ್ಟಿನ ಹತ್ತಿರ ಹೋಗಿ ಎರಡು ಗೆರೆಗಳನ್ನು ನೋಡಿದಳು. ಒಂದು ತನ್ನದು, ಒಂದು ತಂಗಿಯದು, ಎರಡೂ ಒಂದೇ ಮಟ್ಟ.

ಮಾರನೆಯ ದಿನ ಅವಳಿಗೆ ರಜೆ. ತಂಗಿಯ ಜೊತೆ ಮೈದಾನಕ್ಕೆ ಹೋದಳು. ಮೇಷ್ಟ್ರ ಕೋಣೆಯ ಮೂಲೆಯಲ್ಲಿ ಅಳತೆಗೋಲು ನಿಂತಿತ್ತು. ಅವರೇ ಅದರ ಪಕ್ಕದಲ್ಲಿ ತೂಕ-ಅಳತೆ ಇಲಾಖೆಯ ಮುದ್ರೆಯನ್ನೂ ತೋರಿಸಿದರು. ದೊಡ್ಡವಳು ಚಪ್ಪಲಿ ಬಿಟ್ಟು ಹಲಗೆ ಹತ್ತಿದಳು. ಮೇಲಿನ ಪಟ್ಟಿ ಇಳಿದು ತಲೆಗೆ ತಾಗಿತು.

"ನೂರ ಐವತ್ತೆಂಟು ಪಾಯಿಂಟ್ ನಾಲ್ಕು. ನಿಮ್ಮದೂ ಅರ್ಜಿ ಇದೆಯಾ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ ಸರ್."

"ವಯಸ್ಸು?"

"ಇಪ್ಪತ್ತಾರು."

"ಅಯ್ಯೋ" ಎಂದರು ಮೇಷ್ಟ್ರು, ಬಾಯಿಮಾತಿಗಲ್ಲ, ನಿಜವಾಗಿ. "ನೇರ ನಿಲುವು ಇದೆ ನಿಮಗೆ. ಮೊದಲೇ ಬರಬೇಕಿತ್ತು."

ದಾರಿಯುದ್ದಕ್ಕೂ ಚಿಕ್ಕವಳು ಏನೇನೋ ಮಾತಾಡಿದಳು. ದೊಡ್ಡವಳು ಬಿರಬಿರನೆ ನಡೆದಳು. ಮನೆಗೆ ಬಂದವಳೇ ಶಾಲೆಯ ಮಕ್ಕಳಿಗೆಂದು ಪಕ್ಕದ ಮನೆಯವರು ಇಟ್ಟಿದ್ದ ಮರದ ಮೀಟರ್ ಪಟ್ಟಿಯನ್ನು ಕೇಳಿ ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ಅಪ್ಪನ ಟೇಪನ್ನು ಅದರ ಪಕ್ಕ ಹಾಸಿದಳು. ಪಟ್ಟಿ ನೂರಕ್ಕೆ ಮುಗಿದ ಕಡೆ ಟೇಪು ಇನ್ನೂ ತೊಂಬತ್ತೊಂಬತ್ತನ್ನೂ ದಾಟಿರಲಿಲ್ಲ. ಮೂವತ್ತು ವರ್ಷ ದಿನಾ ಎಳೆದೂ ಎಳೆದೂ ಗುರುಗಳ ಟೇಪು ಹಿಗ್ಗಿಹೋಗಿತ್ತು, ಗೆರೆಗೂ ಗೆರೆಗೂ ನಡುವೆ ಒಂದು ಎಳೆಯಷ್ಟು ಜಾಗ ಹೆಚ್ಚಾಗಿತ್ತು. ಅದೇ ಟೇಪಿನಲ್ಲಿ ಅಳೆದು ಅದೇ ಟೇಪಿನಲ್ಲಿ ಕತ್ತರಿಸಿದ ಬಟ್ಟೆ ಯಾವತ್ತೂ ತಪ್ಪುವುದಿಲ್ಲ. ತಪ್ಪು ಕಾಣಬೇಕಾದರೆ ಹೊರಗಿನ ಅಳತೆಯೊಂದು ಬೇಕು.

"ಅಪ್ಪ, ನೋಡು ಬಾ" ಎಂದಳು.

ಅಪ್ಪ ಯಂತ್ರದ ಮುಂದೆಯೇ ಕೂತಿದ್ದ. "ಹಳೇ ಟೇಪು ಮಗಾ. ಹಿಗ್ಗಿರುತ್ತೆ."

"ಅಷ್ಟು ರಗಳೆ ಯಾಕೆ? ಡ್ರಾಯರಲ್ಲಿ ಹೊಸ ಟೇಪು ಇದೆಯಲ್ಲ, ಅದರಲ್ಲಿ ನೋಡಿ" ಎಂದಳು ಅಜ್ಜಿ ಒಳಗಿನಿಂದ. ಅವಳಿಗೆ ಕಣ್ಣು ಮಂಜು, ಆದರೆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಅಂಗೈಗೆರೆಯಷ್ಟು ಸ್ಪಷ್ಟ.

ದೊಡ್ಡವಳು ಡ್ರಾಯರ್ ಎಳೆದಳು. ದಾರದುಂಡೆಗಳ ಕೆಳಗೆ ಹೊಸ ಟೇಪು ಸುತ್ತಿದ ಹಾಗೆಯೇ ಇತ್ತು. ಅದರ ಕೆಳಗೆ ಅಳತೆ ಪುಸ್ತಕ. ಅವಳು ಪುಟ ತಿರುವಿದಳು. ಹಳೇ ಗಿರಾಕಿ ಪೋಸ್ಟ್ ಮಾಸ್ಟರರ ಪುಟದ ಕೊನೆಯಲ್ಲಿ ಅಪ್ಪನ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಹೊಸ ಟೇಪಿನಲ್ಲಿ ಕತ್ತರಿಸಿದ ಅಂಗಿ ಬಿಗಿ. ಹಳೆಯದು ನಲವತ್ತು ಇಂಚಿಗೆ ಅರ್ಧ ಇಂಚು ಹಿಗ್ಗಿದೆ. ಎಲ್ಲರ ಅಳತೆಯೂ ಹಳೆಯದರಲ್ಲೇ ಇರುವುದರಿಂದ ಹಳೆಯದರಲ್ಲೇ ಮುಂದುವರಿಸುವುದು. ಕೆಳಗೆ ತಾರೀಕು. ಎರಡು ವರ್ಷದ ಹಿಂದಿನದು.

ಆ ತಾರೀಕನ್ನು ಅವಳು ಎರಡು ಸಲ ಓದಿದಳು. ಆಗ ಅವಳಿಗೆ ಇಪ್ಪತ್ತನಾಲ್ಕು.

"ಆ ವರ್ಷ ಅರ್ಜಿ ಕರೆದಿದ್ರು" ಎಂದಳು. "ಕೊನೇ ದಿನಕ್ಕೆ ಇನ್ನೂ ಹನ್ನೊಂದು ದಿನ ಇತ್ತು."

ಯಂತ್ರ ನಿಂತಿತು.

"ಪೋಸ್ಟ್ ಮಾಸ್ಟರ್ ಹೊಟ್ಟೆ ನೆನಪಾಯ್ತಲ್ಲಪ್ಪ. ನನ್ನ ಎತ್ತರ ನೆನಪಾಗಲಿಲ್ವಾ?"

ಇಲ್ಲ ಎಂದು ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಆ ಮನುಷ್ಯ ಬಚಾವಾಗುತ್ತಿದ್ದ. ಅವಳೂ ನಂಬಲು ತಯಾರಿದ್ದಳು. ಆದರೆ ಅಪ್ಪನಿಗೆ ಬಟ್ಟೆಯಲ್ಲಿ ಸಣ್ಣಪುಟ್ಟ ಕಳ್ಳತನ ಬರುತ್ತಿತ್ತು, ಮಾತಿನಲ್ಲಿ ಬರುತ್ತಿರಲಿಲ್ಲ.

"ನೆನಪಾಯ್ತು" ಎಂದ. "ಅವತ್ತೇ ನೆನಪಾಯ್ತು. ಹೇಳ್ಬೇಕು ಅಂತ ಬಾಯಿವರೆಗೂ ಬಂತು. ನೀನು ಕೆಲಸದಲ್ಲಿ ನೆಲೆ ನಿಂತಿದ್ದೆ, ಮನೆ ನಿನ್ನ ಸಂಬಳದಲ್ಲಿ ನಡೀತಿತ್ತು. ತರಬೇತಿ ಅಂತ ವರ್ಷಗಟ್ಟಲೆ ಹೋಗಿಬಿಟ್ರೆ ಹೇಗೆ ಅಂತ ಅಳೆದೂ ಸುರಿದೂ ಹನ್ನೊಂದು ದಿನ ಕಳೆದುಹೋಯ್ತು. ಆಮೇಲೆ, ಅಜ್ಜಿ ಜೋಕು ಮಾಡ್ದಾಗೆಲ್ಲ ನೀನೂ ನಗ್ತಿದ್ದೆ. ಮರೆತಿದೀಯ ಅಂದ್ಕೊಂಡೆ."

"ಚಿಕ್ಕೋಳನ್ನ ಮೇಷ್ಟ್ರ ಹತ್ರ ಕಳಿಸಿದ್ದು ನೀನೇ. ನನ್ನನ್ನ ಯಾಕೆ ಕಳಿಸ್ಲಿಲ್ಲ?"

ಅಪ್ಪ ಯಂತ್ರದ ಸೂಜಿಗೆ ಸಿಕ್ಕಿದ್ದ ಬಟ್ಟೆಯನ್ನು ಬಿಡಿಸತೊಡಗಿದ. ಅಮ್ಮ ಬಾಗಿಲಲ್ಲಿ ನಿಂತಿದ್ದವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಗಂಡನನ್ನು ನೋಡಿದಳು. "ನನಗಾದ್ರೂ ಹೇಳಬಾರದಾಗಿತ್ತಾ ರೀ" ಎಂದಳು. ಅಜ್ಜಿ ಆ ದಿನದ ನಂತರ ಬಂದವರ ಮುಂದೆ ಕಾಲು ಸಾಲದ ಜೋಕು ಹೇಳುವುದನ್ನು ಬಿಟ್ಟಳು.

ಅಂದಿನಿಂದ ದೊಡ್ಡವಳು ಅಪ್ಪನ ಜೊತೆ ಮಾತಾಡಲಿಲ್ಲ. ಸಂಬಳದ ಕವರನ್ನು ಅಜ್ಜಿಯ ಕೈಗೆ ಕೊಟ್ಟಳು. ಅಪ್ಪ ಊಟಕ್ಕೆ ಕೂತರೆ ಅವಳಿಗೆ ಬಟ್ಟೆ ಒಗೆಯುವ ಕೆಲಸ ನೆನಪಾಗುತ್ತಿತ್ತು. ಅಪ್ಪ ಅಡುಗೆಮನೆಗೆ ಬಂದು "ಚಹಾ ಇದೆಯಾ" ಎಂದರೆ ಅವಳು ಲೋಟಕ್ಕೆ ಹಾಕಿ, ಕೈಗೆ ಕೊಡದೆ, ಒಲೆಯ ಪಕ್ಕ ಇಟ್ಟು ಹೋಗುತ್ತಿದ್ದಳು. ಅವನು ಆರಿದ ಮೇಲೆ ಕುಡಿಯುತ್ತಿದ್ದ. ಜಗಳವಾಡಿದ್ದರೆ ಮನೆಗೆ ಹಗುರವಾಗುತ್ತಿತ್ತು. ಈ ಮೌನದಲ್ಲಿ ತಟ್ಟೆ ಇಡುವ ಸದ್ದಿಗೂ ಎಲ್ಲರೂ ಬೆಚ್ಚುತ್ತಿದ್ದರು.

ತಂಗಿಯ ಪಾಠವನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಬೆಳಗ್ಗೆ ಚಿಕ್ಕವಳೇ ಓಡಲು ಹೋಗದೆ ಹಾಸಿಗೆಯಲ್ಲಿ ಕೂತಿದ್ದಳು.

"ಎದ್ದೇಳು. ಹೊತ್ತಾಯ್ತು" ಎಂದಳು ದೊಡ್ಡವಳು.

"ನಾನು ಹೋಗಲ್ಲ ಅಕ್ಕ. ನಿನಗೆ ಸಿಗದೇ ಇರೋದು ನನಗೂ ಬೇಡ."

"ನೀನು ಬಿಟ್ರೆ ನನಗೆ ಸಿಗುತ್ತಾ?"

"ಸಿಗಲ್ಲ. ಆದ್ರೂ."

"ಆದ್ರೂ ಏನು? ತ್ಯಾಗ ಮಾಡೋಕೆ ನಿನ್ನ ಹತ್ರ ಇನ್ನೂ ಏನೂ ಇಲ್ಲ. ಮೊದಲು ಎಂಟುನೂರು ಮೀಟರ್ ನಾಲ್ಕು ನಿಮಿಷದೊಳಗೆ ಓಡು, ಆಮೇಲೆ ತ್ಯಾಗ ಮಾಡು." ದೊಡ್ಡವಳು ಹೊದಿಕೆ ಎಳೆದಳು. ಎಳೆದ ಕೈ ಅಲ್ಲೇ ನಿಂತಿತು. "ನನಗೆ ಆಸೆ ಹೋಗಿಲ್ಲ ಕಣೇ" ಎಂದಳು. "ಹೋಗುತ್ತೆ ಅಂತ ಕಾದೆ, ಹೋಗ್ಲಿಲ್ಲ. ಈಗ ಅದನ್ನ ಎಲ್ಲಿ ಇಡ್ಲಿ ಹೇಳು? ನೀನಾದ್ರೂ ಹೋಗಿ ಬಾ. ಒಳಗೆ ಹೇಗಿರುತ್ತೆ ಅಂತ ನನಗೆ ಹೇಳು."

ಚಿಕ್ಕವಳು ಮೂಗು ಒರೆಸಿಕೊಂಡು ಶೂ ಹುಡುಕಿದಳು.

ದೈಹಿಕ ಪರೀಕ್ಷೆಯ ದಿನ ದೊಡ್ಡವಳು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದಳು. ಜೊತೆಯವರಿಗೆ ತಂತಿ ಬೇಲಿಯ ಹೊರಗೆ ಜಾಗ. ಅಲ್ಲಿ ನೀರಿನ ಬಾಟಲಿ, ಬಾಳೆಹಣ್ಣು, ತಂಗಿಯ ಶಾಲು ಹಿಡಿದು ನಿಂತಳು. ಒಳಗೆ ಒಬ್ಬ ಸಿಬ್ಬಂದಿ ಹುಡುಗಿಯರನ್ನು ಒಬ್ಬೊಬ್ಬರಾಗಿ ಅಳತೆಗೋಲಿಗೆ ನಿಲ್ಲಿಸಿ ಗಟ್ಟಿಯಾಗಿ ಕೂಗುತ್ತಿದ್ದ. ಕೆಲವರಿಗೆ "ಹೊರಗೆ" ಅನ್ನುತ್ತಿದ್ದ. "ನೂರ ಐವತ್ತೆಂಟು ಪಾಯಿಂಟ್ ನಾಲ್ಕು. ಮುಂದೆ" ಎಂದಾಗ ದೊಡ್ಡವಳಿಗೆ ಯಾರೋ ತನ್ನ ಹೆಸರು ಕರೆದಂತಾಯಿತು. ಒಂದು ಹೆಜ್ಜೆ ಮುಂದಿಟ್ಟೇಬಿಟ್ಟಳು. ಬೇಲಿ ಎದೆಗೆ ತಾಗಿತು.

ಓಟದಲ್ಲಿ ಚಿಕ್ಕವಳು ಮೂರನೆಯವಳಾಗಿ ಬಂದಳು. ಲಿಖಿತ ಪರೀಕ್ಷೆಯೂ ಆಯಿತು. ಎರಡು ತಿಂಗಳ ಮೇಲೆ ಆಯ್ಕೆಯಾದವರ ಪಟ್ಟಿ ಬಂತು, ಅದರಲ್ಲಿ ಅವಳ ಸಂಖ್ಯೆಯೂ ಇತ್ತು. ಅಮ್ಮ ಅತ್ತಳು. ಅಜ್ಜಿ ಪಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು ಏನೂ ಕಾಣದೆ ಸಂತೋಷಪಟ್ಟಳು. ಅಪ್ಪ ಬೀದಿಗೆಲ್ಲ ಸಿಹಿ ಕೊಟ್ಟ. ಕೊನೆಯ ತುಂಡನ್ನು ಒಂದು ಕಾಗದದಲ್ಲಿ ಸುತ್ತಿ ದೊಡ್ಡವಳ ಊಟದ ಡಬ್ಬಿಯ ಮೇಲೆ ಇಟ್ಟ. ಅವಳು ಅದನ್ನು ಕೆಲಸದ ಹೊತ್ತಲ್ಲಿ ತಿಂದಳೋ ಯಾರಿಗಾದರೂ ಕೊಟ್ಟಳೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಚಿಕ್ಕವಳು ಟ್ರಂಕು ಹಿಡಿದು ತರಬೇತಿಗೆ ಹೋದ ಮೇಲೆ ಅಪ್ಪ ಹೊಸ ಟೇಪು ಹೊರತೆಗೆದ. ಬಂದ ಗಿರಾಕಿಯನ್ನೆಲ್ಲ ಹೊಸದಾಗಿ ಅಳೆದು, ಹೊಸ ಪುಸ್ತಕದಲ್ಲಿ ಬರೆಯಲು ಕೂತ.

"ಇದೇನಪ್ಪ, ನನ್ನ ಸೊಂಟ ಒಂದೇ ವರ್ಷದಲ್ಲಿ ಅರ್ಧ ಇಂಚು ಹೆಚ್ಚಾಯ್ತಾ?" ಎಂದರು ಪೋಸ್ಟ್ ಮಾಸ್ಟರು.

"ಇಲ್ಲ ಸ್ವಾಮಿ. ನಿಮ್ಮದು ಇದ್ದ ಹಾಗೇ ಇದೆ. ನನ್ನದೇ ತಪ್ಪಿತ್ತು" ಎಂದ ಅಪ್ಪ. ಅಡುಗೆಮನೆಯಲ್ಲಿದ್ದ ದೊಡ್ಡವಳ ಕಿವಿಗೆ ಇದು ಬಿತ್ತು. ಆ ಸಂಜೆ ಚಹಾವನ್ನು ಅವಳು ಅಪ್ಪನ ಕೈಗೇ ಕೊಟ್ಟಳು.

ಆರು ವಾರಕ್ಕೆ ತರಬೇತಿ ಶಾಲೆಯಿಂದ ಒಂದು ಪಾರ್ಸೆಲ್ಲು ಬಂತು. ಸಮವಸ್ತ್ರದ ಬಟ್ಟೆ, ಜೊತೆಗೊಂದು ಟೋಪಿ. ಹಿಂದೆಯೇ ಚಿಕ್ಕವಳ ಫೋನು. "ಇಲ್ಲಿನ ಟೈಲರ್ ಎಲ್ಲರಿಗೂ ಗೋಣಿಚೀಲ ಹೊಲಿದುಕೊಡ್ತಾನೆ ಅಮ್ಮ. ನಮ್ಮ ಕಡೆಯಿಂದ ಹೊಲಿಸಿಕೊಳ್ಳಬಹುದು ಅಂದ್ರು. ಅಪ್ಪನೇ ಹೊಲೀಲಿ. ಓಡಿದ್ದಕ್ಕೆ ಬರೀ ಸೊಂಟ ಸ್ವಲ್ಪ ಇಳಿದಿದೆ. ಇನ್ನೆಲ್ಲ ಅಕ್ಕನ ಅಳತೆನೇ."

ಅಪ್ಪ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಎರಡು ದಿನ ಅದರ ಸುತ್ತ ತಿರುಗಿದ. ಅಮ್ಮನಿಗೆ ಹೇಳಿದ, "ಸ್ವಲ್ಪ ದೊಡ್ಡೋಳನ್ನ ಕೇಳು, ಅಳತೆಗೆ ನಿಲ್ತಾಳಾ ಅಂತ."

"ನೀವೇ ಕೇಳಿ" ಎಂದಳು ಅಮ್ಮ. "ಬಾಯಿ ಮುಚ್ಚಿಕೊಂಡಿದ್ದು ಒಂದು ಸಲಕ್ಕೆ ಸಾಕಾಗಲಿಲ್ವಾ?"

ಕೇಳಿದ. ದೊಡ್ಡವಳು ಏಜೆನ್ಸಿಯ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಂದು ಕನ್ನಡಿಯ ಮುಂದೆ ನಿಂತಳು. ಅಪ್ಪ ಹೊಸ ಟೇಪಿನಿಂದ ಭುಜ, ತೋಳು, ಸೊಂಟ, ಕಾಲು ಅಳೆದ. ಒಂದೊಂದನ್ನೂ ಗಟ್ಟಿಯಾಗಿ ಓದಿ ಅವಳ ಕೈಯಲ್ಲೇ ಬರೆಸಿದ. ಹೊಸ ಪುಸ್ತಕದಲ್ಲಿ ಎರಡು ಪುಟ ಮಾಡಿಸಿದ, ತಂಗಿಗೊಂದು, ಅವಳಿಗೊಂದು.

ಅವಳ ಮುಂದಿನ ರಜೆಯ ದಿನ ಮಧ್ಯಾಹ್ನ ಸಮವಸ್ತ್ರ ಹಾಕಿ ನೋಡಲು ಸಿದ್ಧವಾಯಿತು. ದೊಡ್ಡವಳು ಒಳಗೆ ಹೋಗಿ ಹಾಕಿಕೊಂಡು ಬಂದಳು. ತೋಳನ್ನು ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಮಡಚಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಿ ಭುಜದಲ್ಲಿ ಕೂತ ರೀತಿ ನೋಡಿ ಅಮ್ಮ ಕೈಯಲ್ಲಿದ್ದ ಗುಂಡಿಯ ಡಬ್ಬಿಯನ್ನು ಮಡಿಲಿಗೆ ಇಳಿಸಿದಳು. ಅಪ್ಪ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳ ಸುತ್ತ ಬಂದ. ಬೆನ್ನ ಮೇಲೆ ಕೈ ಆಡಿಸಿದ. ಅಲ್ಲಿ ಯಾವ ಹೆಸರೂ ಇರಲಿಲ್ಲ.

"ಎಲ್ಲಾದ್ರೂ ಎಳೆಯುತ್ತಾ?"

"ಇಲ್ಲ."

ಅಷ್ಟರಲ್ಲಿ ಮೂಲೆ ಮನೆಯ ಮುದುಕ ಪ್ಯಾಂಟಿನ ಪಟ್ಟಿ ಚಿಕ್ಕದು ಮಾಡಿಸಲು ಒಳಗೆ ಕಾಲಿಟ್ಟ. ದಿನಾ ಮಳಿಗೆಯಲ್ಲಿ "ಏಯ್, ಬಿಲ್ಲು ಬೇಗ ನೋಡು" ಎಂದು ಅವಳ ಮೇಲೆ ರೇಗುವವನು. ಸಮವಸ್ತ್ರ ಕಂಡವನೇ ಬಾಗಿಲಲ್ಲಿ ಪಕ್ಕಕ್ಕೆ ಸರಿದು, ಪ್ಯಾಂಟನ್ನು ಎಡಗೈಗೆ ಬದಲಾಯಿಸಿ, "ನಮಸ್ಕಾರ ಮೇಡಂ. ಆಮೇಲೆ ಬರ್ತೀನಿ" ಎಂದು ಹೊರಟುಹೋದ. ಮುಖ ನೋಡಿರಲಿಲ್ಲ.

ಯಾರೂ ನಗಲಿಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಅವಳ ತೋಳು ಮುಟ್ಟಿ ನೋಡಿದಳು, ಕಾಲರು ಮುಟ್ಟಿ ನೋಡಿದಳು. "ನನ್ನ ದೊಡ್ಡೋಳಲ್ವಾ ಇದು" ಎಂದಳು.

"ನಾನೇ ಅಜ್ಜಿ."

ಅಪ್ಪ ಪಿನ್ನು ಬಾಯಿಂದ ತೆಗೆದ. ಹೇಳಬೇಕಾದ ಮಾತು ಎರಡು ವರ್ಷದಿಂದ ಹೊಟ್ಟೆಯಲ್ಲಿತ್ತು, ಈಗ ಬಂದರೂ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. "ತಪ್ಪು ಮಾಡ್ಬಿಟ್ಟೆ ಮಗಾ" ಎಂದ. ದೊಡ್ಡವಳು ಕನ್ನಡಿಯಲ್ಲೇ ಅವನನ್ನು ನೋಡಿದಳು.

"ಸರಿ, ಬಿಚ್ಚಿ ಕೊಡೇ" ಎಂದಳು ಅಮ್ಮ. "ಕಾಜಾ ಮಾಡ್ಬೇಕು. ನಾಳೆ ಪಾರ್ಸೆಲ್ ಹೋಗ್ಬೇಕು."

ದೊಡ್ಡವಳು ಟೋಪಿಯನ್ನು ತಲೆಗಿಟ್ಟು, ತೆಗೆದು, ಎಡಗಂಕುಳಲ್ಲಿ ಇಟ್ಟುಕೊಂಡಳು. ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತಳು.

"ಇನ್ನೊಂದೈದು ನಿಮಿಷ ಇರ್ಲಿ ಅಮ್ಮ" ಎಂದಳು. "ಆಮೇಲೆ ಕೊಡ್ತೀನಿ."

ಅಪ್ಪ ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿದ. ಬಂದು ಸ್ಟೂಲಿನ ಮೇಲೆ ಕೂತು, ಟೇಪನ್ನು ಸುತ್ತಿ ಮೇಜಿನ ಮೇಲೆ ಇಟ್ಟ. "ಆತುರ ಏನಿಲ್ಲ" ಎಂದ.